ಬೆಟ್ಟದ ರೈತರೂ ಜರ್ಮನಿಯ ಕಾಫಿಯೂ

ನಮ್ಮ ಸಂಘದ ಯಾವ ಸಭೆಯೂ ಕಾಫಿ ಇಲ್ಲದೆ ನಡೆದದ್ದಿಲ್ಲ. ಯುಗಾದಿಗೂ ಕಾಫಿ, ರಾಜ್ಯೋತ್ಸವಕ್ಕೂ ಕಾಫಿ. ಲೆಕ್ಕಪತ್ರ ಮಂಡಿಸುವ ಸಭೆಗಂತೂ ಎರಡೆರಡು ಸಲ ಬೇಕು. ಆದರೆ ನಾವು ಕೊಟ್ಟ ಹಣದಲ್ಲಿ ಬೆಳೆದವನ ಕೈಗೆ ಎಷ್ಟು ಸೇರಿತೆಂದು ಕೇಳುವವರು ಕಡಿಮೆ. ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಕಡೆಯ ಸದಸ್ಯರಿಗೆ ಈ ಪ್ರಶ್ನೆ ಹೊಸದಲ್ಲ. ಇದಕ್ಕೆ ತಮ್ಮದೇ ಉತ್ತರ ಹುಡುಕಿಕೊಂಡವರು ಮೆಕ್ಸಿಕೋ ದೇಶದ ಕೆಲವು ಬೆಟ್ಟದ ರೈತರು. ನಾವಿರುವ ಜರ್ಮನಿಗೂ ಅದರಲ್ಲಿ ಪಾಲಿದೆ. ಆದ್ದರಿಂದ ಈ ಸಂಚಿಕೆಯಲ್ಲಿ ಅವರ ವಿಷಯ.

ಮೆಕ್ಸಿಕೋದ ದಕ್ಷಿಣದಲ್ಲಿ ವಹಾಕಾ ಎಂಬ ರಾಜ್ಯವಿದೆ. ಅಲ್ಲಿನ ಬೆಟ್ಟಗಳಲ್ಲಿ ಝಪೊಟೆಕ್, ಮೀಹೆ ಮುಂತಾದ ಮೂಲನಿವಾಸಿಗಳು ನೆರಳು ಮರಗಳ ಕೆಳಗೆ ಅರೇಬಿಕಾ ಕಾಫಿ ಬೆಳೆಯುತ್ತಾರೆ. ಒಬ್ಬೊಬ್ಬರದು ಕೆಲವೇ ಎಕರೆ. ಹಣ್ಣನ್ನು ತಾವೇ ಬಿಡಿಸಿ, ಸಿಪ್ಪೆ ತೆಗೆದು, ತೊಳೆದು, ಅಂಗಳದಲ್ಲಿ ಒಣಗಿಸಿದರೂ, ಹಿಂದೆ ಬೆಲೆ ಹೇಳುತ್ತಿದ್ದವನು ಮಾತ್ರ ದಲ್ಲಾಳಿ. ಅವನಿಗೆ ಅಲ್ಲಿ 'ಕೊಯೋಟೆ' ಎಂದು ಹೆಸರು. ಅದು ತೋಳದ ಜಾತಿಯ ಒಂದು ಪ್ರಾಣಿ. ಹೆಸರಿಟ್ಟವರು ಅನುಭವಸ್ಥರೇ ಇರಬೇಕು! ಮನೆಯಲ್ಲಿ ಜೋಳ ಮುಗಿದ ತಿಂಗಳುಗಳಲ್ಲಿ ಕೊಯೋಟೆ ಸಾಲ ಕೊಡುತ್ತಿದ್ದ, ಕುಯ್ಲಿನ ಹೊತ್ತಿಗೆ ತನಗೆ ಬೇಕಾದ ದರಕ್ಕೆ ಕಾಫಿ ಎತ್ತಿಕೊಂಡು ಹೋಗುತ್ತಿದ್ದ. ನಮ್ಮ ಮಲೆನಾಡಿನ ಹಿರಿಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

1980ರ ದಶಕದ ಮೊದಲಲ್ಲಿ ಹಲವು ಹಳ್ಳಿಯವರು ಕುಳಿತು ಲೆಕ್ಕ ಹಾಕಿದರು. 1983ರಲ್ಲಿ 'ಊಸೀರಿ' ಎಂಬ ಸಂಘವಾಯಿತು. ಟೆವಾಂಟೆಪೆಕ್ ಪ್ರದೇಶದ ಮೂಲನಿವಾಸಿ ಸಮುದಾಯಗಳ ಒಕ್ಕೂಟ ಎಂಬುದರ ಹ್ರಸ್ವ ರೂಪ ಅದು. ಅವರ ನಡುವೆ ಇದ್ದು ದುಡಿದವರು ಫ್ರಾನ್ಸ್ ವಾನ್ ದೆರ್ ಹಾಫ್ ಎಂಬ ಡಚ್ ಪಾದ್ರಿ. ಸಂಘ ಬೆಳೆದಂತೆ ಇಸ್ತೆಪೆಕ್ ಪಟ್ಟಣದಲ್ಲಿ ಸ್ವಂತ ಉಗ್ರಾಣವಾಯಿತು. ಹೇಸರಗತ್ತೆಯೇ ಗತಿಯಾಗಿದ್ದ ದಾರಿಯಲ್ಲಿ ಸಂಘದ್ದೇ ಬಸ್ಸು ಓಡಿತು. ಊರ ಕೆಲಸಕ್ಕೆ ಮನೆಗೊಂದಾಳು ಕೂಲಿಯಿಲ್ಲದೆ ಬರುವ 'ತೆಕಿಯೊ' ಎಂಬ ಪದ್ಧತಿ ಅಲ್ಲಿ ಹಳೆಯದು. ನಮ್ಮ ಮುಯ್ಯಾಳಿನ ದೂರದ ನೆಂಟ ಎನ್ನಬಹುದು. ಸಂಘದ ಬಹಳ ಕೆಲಸ ಅದರ ಬಲದಿಂದಲೇ ನಡೆಯಿತು.

ಅವರ ಕಾಫಿಯನ್ನು ಮೊದಮೊದಲು ಕೊಂಡವರಲ್ಲಿ ಜರ್ಮನಿಯ ಗೇಪಾ ಸಂಸ್ಥೆ ಮುಖ್ಯ. ನಮ್ಮೂರುಗಳ ವೆಲ್ಟ್‌ಲಾಡೆನ್ ಅಂಗಡಿಗಳಲ್ಲಿ ಈ ಹೆಸರನ್ನು ನೀವು ನೋಡಿರಬಹುದು. ಗೇಪಾ ಹಸಿ ಬೀಜ ತರಿಸಿ, ಇಲ್ಲಿ ಹುರಿಸಿ, 1980ರ ದಶಕದ ನಡುವಿನಿಂದ ಊಸೀರಿಯ ಸಾವಯವ ಕಾಫಿಯನ್ನು ಮಾರಿತು. ರೈತರೇ ಹುರಿದು ಕಳಿಸಬಾರದೇ ಎಂದು ಯಾರಾದರೂ ಕೇಳಬಹುದು. ಹುರಿದ ಕಾಫಿ ಸಮುದ್ರ ದಾಟುವಷ್ಟರಲ್ಲಿ ಘಮ ಕಳೆದುಕೊಳ್ಳುತ್ತದೆ. ಹಸಿ ಬೀಜ ತಿಂಗಳುಗಟ್ಟಲೆ ತಾಳುತ್ತದೆ. ಆದ್ದರಿಂದ ಇಲ್ಲಿ ನಂಬಿಕಸ್ಥ ಹುರಿಯುವವರು ಬೇಕೇ ಬೇಕು. ಸಾವಯವ ಎಂದರೆ ರಾಸಾಯನಿಕ ಹಾಕದೆ ಸುಮ್ಮನಿರುವುದೂ ಅಲ್ಲ. ಹಣ್ಣಿನ ಸಿಪ್ಪೆಯಿಂದ ಕಾಂಪೋಸ್ಟ್ ಮಾಡಿ ಬೆನ್ನ ಮೇಲೆ ಹೊತ್ತು ಗಿಡಗಳಿಗೆ ಹಾಕಬೇಕು, ಮಣ್ಣು ಕೊಚ್ಚಿಹೋಗದಂತೆ ಇಳಿಜಾರಿಗೆ ಅಡ್ಡಲಾಗಿ ತಡೆ ಕಟ್ಟಬೇಕು, ಪ್ರತಿ ವರ್ಷ ತಪಾಸಣೆಗೆ ಒಳಗಾಗಬೇಕು.

ಆದರೆ ಇಂಥ ಅಂಗಡಿಗಳಲ್ಲಿ ಎಷ್ಟು ತಾನೆ ಮಾರಾಟವಾದೀತು? ದಾನ ಬೇಡ, ಬೆಳೆಗೆ ಸರಿಯಾದ ಬೆಲೆ ಕೊಡಿ ಎಂಬುದು ರೈತರ ಮಾತಾಗಿತ್ತು. ಇದನ್ನು ಹಿಡಿದುಕೊಂಡು ವಾನ್ ದೆರ್ ಹಾಫ್ ಮತ್ತು ಹಾಲೆಂಡಿನ ಸೊಲಿಡರಿಡಾಡ್ ಸಂಸ್ಥೆಯ ನಿಕೊ ರೋಜನ್ ಒಂದು ಉಪಾಯ ಹೂಡಿದರು. ಕಾಫಿಯನ್ನು ತಾವೇ ಮಾರುವ ಬದಲು, ಗೊತ್ತಾದ ದರ ಕೊಟ್ಟು ರೈತರ ಸಂಘದಿಂದ ಕೊಳ್ಳುವ ಯಾವ ಹುರಿಯುವವರಿಗೇ ಆಗಲಿ ಒಂದು ಮುದ್ರೆ ಕೊಡುವುದು. ಜಾವಾದ ರೈತರ ಮೇಲಿನ ಅನ್ಯಾಯವನ್ನು ಬಯಲಿಗೆಳೆದ 1860ರ ಡಚ್ ಕಾದಂಬರಿ 'ಮಾಕ್ಸ್ ಹಾವೆಲಾರ್' ಹೆಸರನ್ನೇ ಅದಕ್ಕಿಟ್ಟರು. ಮೊದಲು ಮುಂದೆ ಬಂದದ್ದು ಒಂದು ಸಣ್ಣ ಸಂಸ್ಥೆ. 1988ರ ನವೆಂಬರ್ 15ರಂದು ಮೊದಲ ಪೊಟ್ಟಣವನ್ನು ರಾಜಕುಮಾರ ಕ್ಲೌಸ್ ಅವರ ಕೈಗೆ ಕೊಡಲಾಯಿತು. ಜರ್ಮನಿಯಲ್ಲಿ ಟ್ರಾನ್ಸ್‌ಫೇರ್ ಬಂದದ್ದು 1992ರಲ್ಲಿ.

ಸಮಯಕ್ಕೆ ಸರಿಯಾಗಿಯೇ ಆಯಿತೆನ್ನಿ. 1989ರ ಜುಲೈನಲ್ಲಿ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ಮುರಿದುಬಿತ್ತು, ಬೆಲೆ ಕೆಲವೇ ತಿಂಗಳಲ್ಲಿ ಅರ್ಧದ ಹತ್ತಿರಕ್ಕೆ ಇಳಿಯಿತು. ಊರಿನಲ್ಲಿ ನಮ್ಮ ಬೆಳೆಗಾರರು ಆಗ ಕಾಫಿ ಬೋರ್ಡಿನ ಪೂಲಿಗೆ ಬೆಳೆ ಒಪ್ಪಿಸಿ ಕಂತು ಕಂತಾಗಿ ಬರುವ ಹಣಕ್ಕೆ ಕಾಯುತ್ತಿದ್ದರು. ಪೂಲು ಪೂರ್ತಿ ಹೋದದ್ದು 1996ರಲ್ಲಿ. 2001ರ ಕೊನೆಗೆ ನ್ಯೂಯಾರ್ಕ್ ದರ ಪೌಂಡಿಗೆ 50 ಸೆಂಟಿಗೂ ಕೆಳಗಿಳಿದಾಗ ಮುದ್ರೆಯ ಕಾಫಿಗೆ 1 ಡಾಲರ್ 26 ಸೆಂಟ್, ಸಾವಯವಕ್ಕೆ 1 ಡಾಲರ್ 41 ಸೆಂಟ್ ಇತ್ತು. ಈ ದರ ಸಿಗುವುದು ಸಂಘಕ್ಕೆ. ಸಾಗಣೆ, ಸಂಸ್ಕರಣೆ, ಬಡ್ಡಿ ಕಳೆದು ಉಳಿದದ್ದು ರೈತನಿಗೆ. ಆದರೂ ಆ ವರ್ಷ ತೋಟ ಬಿಟ್ಟು ಹೊರಡುವುದಕ್ಕೂ ಉಳಿಯುವುದಕ್ಕೂ ಇದ್ದ ವ್ಯತ್ಯಾಸ ಅಷ್ಟೇ. ಇನ್ನು ನಾವು ಇಲ್ಲಿ ಕೊಳ್ಳುವ ಕಾಲು ಕಿಲೋ ಪುಡಿಯಲ್ಲಿ ಜರ್ಮನ್ ಸರ್ಕಾರದ ಕಾಫಿ ತೆರಿಗೆಯೇ ಸುಮಾರು 55 ಸೆಂಟ್. ಅದಕ್ಕೆ ಸರ್ಕಾರ ಒಂದು ಗಿಡವನ್ನೂ ನೆಟ್ಟಿಲ್ಲ!

ಈಗಿನ ತೊಂದರೆ ಬೇರೆ ರೀತಿಯದು. 2012ರ ನಂತರ ಎಲೆ ತುಕ್ಕು ರೋಗ ದಕ್ಷಿಣ ಮೆಕ್ಸಿಕೋದ ಹಳೆಯ ಗಿಡಗಳನ್ನು ಬೋಳು ಮಾಡಿತು. 2023ರ ಆಗಸ್ಟಿನಲ್ಲಿ ಕನಿಷ್ಠ ದರವನ್ನು 1 ಡಾಲರ್ 80 ಸೆಂಟಿಗೂ ಸಾವಯವದ ಹೆಚ್ಚುವರಿಯನ್ನು 40 ಸೆಂಟಿಗೂ ಏರಿಸಲಾಯಿತು. ಆದರೆ 2025ರ ಫೆಬ್ರವರಿಯಲ್ಲಿ ಮಾರುಕಟ್ಟೆಯೇ 4 ಡಾಲರ್ ದಾಟಿತು. ರೈತನಿಗೆ ಒಳ್ಳೆಯದೇ ಅಲ್ಲವೇ ಎನ್ನಬಹುದು. ಆದರೆ ದರ ಹೀಗೆ ಏರಿದಾಗ ಕೊಯೋಟೆ ನೋಟಿನ ಕಟ್ಟು ಹಿಡಿದು ಮನೆ ಬಾಗಿಲಿಗೇ ಬರುತ್ತಾನೆ. ತಿಂಗಳುಗಳ ಹಿಂದೆ ದರ ಒಪ್ಪಿ ಕರಾರು ಮಾಡಿಕೊಂಡ ಸಂಘಕ್ಕೆ ಕೊಡಲು ಕಾಫಿ ಇರುವುದಿಲ್ಲ, ಹುರಿಯುವವರ ಹಡಗು ಖಾಲಿ. ಮಗಳ ಮದುವೆಗೆ ಹಣ ಬೇಕಾದ ರೈತ ಸಂಘದ ಕಂತಿಗೆ ಕಾಯಬೇಕೇ, ಕೈಗೆ ಬಂದ ನೋಟು ತೆಗೆದುಕೊಳ್ಳಬೇಕೇ? ಕುಯ್ಲಿಗೆ ಮುಂಚೆಯೇ ಕರಾರಿನ 60 ಪಾಲಿನವರೆಗೆ ಮುಂಗಡ ಕೇಳುವ ಅವಕಾಶ ಮುದ್ರೆಯ ನಿಯಮದಲ್ಲೇ ಇದೆ. ಆ ಹಣವನ್ನು ಹೊತ್ತಿಗೆ ಸರಿಯಾಗಿ ಕಳಿಸುವ ಹುರಿಯುವವರ ಸಂಘಗಳಿಗೆ ಮಾತ್ರ ಕೊಯೋಟೆಗಿಂತ ಮೊದಲು ರೈತನ ಬಾಗಿಲು ತಟ್ಟಲು ಸಾಧ್ಯ.