ಎಸ್‌ಪ್ರೆಸೊ ಯಂತ್ರದಲ್ಲಿ ಕಾಫಿ ಇಳಿಯದಿದ್ದರೆ

ಎಸ್‌ಪ್ರೆಸೊ ಇಟಲಿಯಲ್ಲಿ ಹುಟ್ಟಿದ ಕಾಫಿ. ವಾಯುಮಂಡಲದ ಒತ್ತಡದ ಸುಮಾರು 9 ಪಟ್ಟು ಬಲದಿಂದ ಬಿಸಿನೀರನ್ನು ಪುಡಿಯೊಳಗೆ ನೂಕುವುದೇ ಇದರ ಮರ್ಮ. 18 ಗ್ರಾಂ ಪುಡಿಯಿಂದ ಸುಮಾರು 36 ಗ್ರಾಂ ಕಾಫಿಯು 25-30 ಸೆಕೆಂಡುಗಳಲ್ಲಿ ಇಳಿಯಬೇಕು. ಇಳಿಯದಿದ್ದರೆ ಯಂತ್ರವೇ ಕೆಟ್ಟಿತೆನ್ನುವುದು ಆತುರದ ಮಾತು. ನಾವೂ ಹಾಗೆಂದೇ ರಿಪೇರಿಯವನಿಗೆ ಹೇಳಿಕಳುಹಿಸಿ ನಾಚಿಕೊಂಡಿದ್ದೇವೆ.

ಮಕ್ಕಳೇ, ಪುಡಿ ತುಂಬಿದ ಹಿಡಿಕೆಯನ್ನು ಒಡನೆ ತಿರುಗಿಸಬೇಡಿರಿ. ಒಳಗೆ ನಿಂತ ಒತ್ತಡವು ಸುಡುವ ಪುಡಿಯನ್ನು ಮುಖಕ್ಕೆ ಎರಚೀತು. ವಿದ್ಯುತ್ತನ್ನು ನಿಲ್ಲಿಸಿ, ಯಂತ್ರವು ತಣಿದ ಮೇಲೆ ಹಿರಿಯರೇ ಅದನ್ನು ಕಳಚತಕ್ಕದ್ದು. ಬಳಿಕ ಬರಿಯ ನೀರನ್ನು ಹರಿಸಿ ನೋಡಬೇಕು. ಧಾರಾಳವಾಗಿ ಬಂದರೆ ದೋಷವು ಪುಡಿಯದು: ಅತಿ ನುಣ್ಣಗಾಗಿದೆ, ಇಲ್ಲವೆ ಹೆಚ್ಚಾಗಿ ತುಂಬಿದೆ. ಆಗಲೂ ಸಣ್ಣಗೆ ಬಂದರೆ, ಗಡಸು ನೀರಿನ ಸುಣ್ಣವು ಒಳಗೆ ಕಟ್ಟಿರಬಹುದು. ಹಂಡೆಯ ಒಳಮೈಗೆ ಹತ್ತುವ ಬಿಳಿಯ ಕರೆಯೇ ಅದು. ಯಂತ್ರದೊಡನೆ ಬಂದ ಪುಸ್ತಿಕೆಯಲ್ಲಿ ಹೇಳಿದ ದ್ರಾವಣದಿಂದ ಅದನ್ನು ಕರಗಿಸಿ, ಶುದ್ಧಜಲದಿಂದ ಚೆನ್ನಾಗಿ ತೊಳೆಯಬೇಕು.