ಅಬ್ಬಾ ಹಾಡು, ನನ್ನ ಹಾಡು: ಒಂದು ಕಳೆಯುವ ಲೆಕ್ಕ

ಭಾನುವಾರ ಬೆಳಿಗ್ಗೆ ನಮ್ಮ ಮನೆಯಲ್ಲಿ ಸ್ಪೀಕರ್‌ಗಾಗಿ ಜಗಳ. ಅಬ್ಬಾಗೆ ‘ಪ್ರೇಮಲೋಕ’ ಬೇಕು, ಅದು ಮುಗಿದರೆ ‘ಆಶಿಕಿ’. ಖಾಲಾ ಬಂದಿದ್ದರೆ ‘ಮುಂಗಾರು ಮಳೆ’. ನಾನು ಏನಾದರೂ ಹಾಕಿದರೆ ಇಬ್ಬರೂ ಒಂದಾಗಿ, “ಇದೂ ಒಂದು ಹಾಡಾ? ನಮ್ಮ ಕಾಲದ್ದು ಕೇಳು” ಎನ್ನುತ್ತಾರೆ.

ಹಳೆಯ ಹಾಡುಗಳು ನಿಜವಾಗಿಯೂ ಅಷ್ಟು ಮೇಲೇ? ಒಂದು ದಿನ ಸಿಟ್ಟಿನಲ್ಲಿ ಪೆನ್ನು ಹಿಡಿದು ಲೆಕ್ಕ ಹಾಕಿದೆ. ಹಾಡು ಬಂದ ವರ್ಷದಿಂದ ಕೇಳುವವರು ಹುಟ್ಟಿದ ವರ್ಷ ಕಳೆದರೆ ಸಾಕು. ಅಬ್ಬಾ ಹುಟ್ಟಿದ್ದು 1974ರಲ್ಲಿ. ಹಂಸಲೇಖ ಸಂಗೀತದ ‘ಪ್ರೇಮಲೋಕ’ ಬಂದಿದ್ದು 1987ರಲ್ಲಿ, ಆಗ ಅಬ್ಬಾಗೆ 13. ‘ಆಶಿಕಿ’ ಬಂದ 1990ರಲ್ಲಿ 16. ಖಾಲಾ ಹುಟ್ಟಿದ್ದು 1990ರಲ್ಲಿ, ‘ಮುಂಗಾರು ಮಳೆ’ 2006ರ ಕೊನೆಯಲ್ಲಿ. ಅಲ್ಲಿಯೂ 16.

ಲೆಕ್ಕ ತಾಳೆಯಾಗುತ್ತದೆಯೇ ಎಂದು ಸಹಕಾರನಗರದ ನಮ್ಮ ಬೀದಿಯಲ್ಲೇ ನೋಡಿದೆ. ಪಕ್ಕದ ಮನೆಯಲ್ಲಿ ಅಣ್ಣತಮ್ಮಂದಿರಿದ್ದಾರೆ. ಇಬ್ಬರೂ ಡಾ. ರಾಜ್‌ಕುಮಾರ್ ಅಭಿಮಾನಿಗಳು, ಆದರೂ ವಾದ ನಿಲ್ಲುವುದಿಲ್ಲ. 1948ರಲ್ಲಿ ಹುಟ್ಟಿದ ಅಣ್ಣನಿಗೆ ರಾಜ್ ಎಂದರೆ ಪಿ.ಬಿ. ಶ್ರೀನಿವಾಸ್ ಅವರ ಧ್ವನಿ. 1960ರಲ್ಲಿ ಹುಟ್ಟಿದ ತಮ್ಮನಿಗೆ ಅಣ್ಣಾವ್ರು ತಾವೇ ಹಾಡಿದರೇ ಸರಿ. ಕಾರಣ ಸುಲಭ. 1960ರ ದಶಕದಲ್ಲಿ ರಾಜ್‌ಗೆ ಹೆಚ್ಚಾಗಿ ಹಾಡಿದವರು ಪಿ.ಬಿ.ಎಸ್. ರಾಜ್ ತಮ್ಮ ಹಾಡುಗಳನ್ನು ತಾವೇ ಹಾಡುವುದು ರೂಢಿಯಾಗಿದ್ದು 1974ರ ‘ಸಂಪತ್ತಿಗೆ ಸವಾಲ್’ ನಂತರ. ಆಗ ತಮ್ಮನಿಗೆ 14, ಅಣ್ಣನಿಗೆ 26 ದಾಟುತ್ತಿತ್ತು.

ಇದನ್ನು ಮೊದಲು ಅಳೆದವರಲ್ಲಿ ನಮ್ಮ ವಾಣಿಜ್ಯ ವಿಭಾಗದ ಕಡೆಯವರೂ ಇದ್ದಾರೆ. ಮಾರಿಸ್ ಹೋಲ್‌ಬ್ರೂಕ್ ಮತ್ತು ರಾಬರ್ಟ್ ಶಿಂಡ್ಲರ್ ಎಂಬ ಅಮೆರಿಕದ ಮಾರ್ಕೆಟಿಂಗ್ ಪ್ರಾಧ್ಯಾಪಕರು 1989ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಬೇರೆ ಬೇರೆ ವಯಸ್ಸಿನ 108 ಜನರಿಗೆ 1932ರಿಂದ 1986ರವರೆಗಿನ ಹಾಡುಗಳ ತುಣುಕು ಕೇಳಿಸಿ ಅಂಕ ಕೊಡಲು ಹೇಳಿದರು. ತಮಗೆ ಸುಮಾರು 24 ವರ್ಷವಾಗಿದ್ದಾಗ ಜನಪ್ರಿಯವಾಗಿದ್ದ ಹಾಡುಗಳಿಗೆ ಜನ ಹೆಚ್ಚು ಅಂಕ ಕೊಟ್ಟರು. ಗಿರಾಕಿಯ ವಯಸ್ಸು ಗೊತ್ತಿದ್ದರೆ ಜಾಹೀರಾತಿಗೆ ಯಾವ ಕಾಲದ ರಾಗ ಬೇಕೆಂದು ಊಹಿಸಬಹುದು!

ಹೀಗೇಕೆ? ಮನಶ್ಶಾಸ್ತ್ರಜ್ಞರು ಹೇಳುವಂತೆ, ವಯಸ್ಸಾದವರನ್ನು ಹಳೆಯ ನೆನಪು ಕೇಳಿದರೆ ಸುಮಾರು 10ರಿಂದ 30 ವರ್ಷದೊಳಗಿನವೇ ಹೆಚ್ಚು ಬರುತ್ತವೆ. ಮೊದಲ ಗೆಳೆತನ, ಮೊದಲ ಕೆಲಸ, ಮೊದಲ ಸೋಲು ಎಲ್ಲವೂ ಆಗಿನವೇ. ನಾನು ಯಾರು ಎಂದು ನಿರ್ಧರಿಸುವ ಕಾಲವೂ ಅದೇ. ಆಗ ಸಂತೋಷ, ದುಃಖ ಎರಡೂ ಜೋರು. ಹಾಡು ಅವುಗಳ ಜೊತೆ ಹೊಲಿದುಹೋಗುತ್ತದೆ. ಅದೂ ಅಲ್ಲದೆ ಒಂದೇ ಹಾಡನ್ನು ನೂರು ಸಲ ಕೇಳುವ ಬಿಡುವು ಆಮೇಲೆ ಎಲ್ಲಿ ಸಿಗುತ್ತದೆ?

ನಮ್ಮ ದಾದಿ ಹಜ್‌ನಿಂದ ಬಂದ ಮೇಲೆ ಸಿನಿಮಾ ಹಾಡು ಕೇಳುವುದನ್ನು ಬಿಟ್ಟಿದ್ದಾರೆ. ಆದರೆ ಅಕ್ಕಿ ಆರಿಸುವಾಗ ಅವರಿಗೇ ಗೊತ್ತಿಲ್ಲದೆ ‘ದೋಸ್ತಿ’ ಚಿತ್ರದ ರಫಿ ಸಾಹೇಬರ ರಾಗ ಬಂದುಬಿಡುತ್ತದೆ. ತಕ್ಷಣ “ತೌಬಾ” ಎಂದು ನಗುತ್ತಾರೆ. ಆ ಚಿತ್ರ 1964ರದು. ದಾದಿ ಹುಟ್ಟಿದ್ದು 1950ರಲ್ಲಿ. ಹಾಡು ಹಾಕದ ಮನೆಗಳೂ ನಮ್ಮಲ್ಲಿವೆ. ಅಲ್ಲಿ ಕೇಳಿ ಬೆಳೆದ ನಾತ್‌ಗಳಿಗೂ ಇದೇ ಲೆಕ್ಕ ಎಂದು ನನಗೆ ಅನಿಸುತ್ತದೆ.

ಆದರೆ ಒಂದು ಉತ್ತರ ತಾಳೆಯಾಗಲಿಲ್ಲ. ನನಗೆ 17. ಆದರೂ ‘ಪ್ರೇಮಲೋಕ’ದ ಹಾಡುಗಳೆಲ್ಲ ನನಗೆ ಬಾಯಿಪಾಠ, ಕದ್ದುಮುಚ್ಚಿ ಇಷ್ಟವೂ ಹೌದು. 2013ರಲ್ಲಿ ಕಾರೋಲ್ ಕ್ರುಮ್‌ಹಾನ್ಸಲ್ ಮತ್ತು ಜಸ್ಟಿನ್ ಝುಪ್ನಿಕ್ ಪ್ರಕಟಿಸಿದ ಅಧ್ಯಯನದಲ್ಲಿ ಇದಕ್ಕೂ ಉತ್ತರವಿದೆ. ಸುಮಾರು 20 ವರ್ಷದ ಯುವಕ ಯುವತಿಯರಿಗೆ ತಮ್ಮ ಕಾಲದ ಹಾಡುಗಳ ಜೊತೆ ತಂದೆ ತಾಯಿಯರ ಯೌವನದ ಹಾಡುಗಳ ಮೇಲೂ ವಿಶೇಷ ಒಲವಿತ್ತು. ಮನೆಯಲ್ಲಿ ಕೇಳಿದ್ದು ಮಕ್ಕಳಿಗೂ ಇಳಿಯುತ್ತದೆ.

ಮನೆಯಲ್ಲಿ ಉರ್ದು ಮಾತಾಡುವ ನನ್ನಂಥವರಿಗೆ ಕನ್ನಡವೂ ಹೀಗೆಯೇ ಇಳಿದಿದೆ. ರಾಜ್ಯೋತ್ಸವಕ್ಕೆ ಶಾಲೆಯಲ್ಲಿ ಗುಂಪಾಗಿ ಹಾಡಿದ ‘ನಿತ್ಯೋತ್ಸವ’ದ ಕವಿ ಕೆ.ಎಸ್. ನಿಸಾರ್ ಅಹಮದ್ ಹುಟ್ಟಿದ್ದು ಇದೇ ಬಳ್ಳಾರಿ ರಸ್ತೆಯಲ್ಲಿ ಮುಂದೆ ಹೋದರೆ ಸಿಗುವ ದೇವನಹಳ್ಳಿಯಲ್ಲಿ, 1936ರಲ್ಲಿ. ಮೈಸೂರು ಅನಂತಸ್ವಾಮಿ ಅವರ ಸಂಗೀತದಲ್ಲಿ 1978ರಲ್ಲಿ ಬಂದ ಕ್ಯಾಸೆಟ್‌ನಿಂದ ಆ ಕವಿತೆ ಮನೆಮನೆ ತಲುಪಿತು. ವ್ಯಾಕರಣ ಪುಸ್ತಕದಲ್ಲಿ ಓದಿದ್ದನ್ನು ಮರೆತಿದ್ದೇನೆ, ಅದನ್ನು ಮರೆತಿಲ್ಲ.

ಈಗ ನನ್ನ ಚಿಂತೆ ಬೇರೆ. ಅಬ್ಬಾ ಹಾಡು ನನಗೆ ಬಂದಿದ್ದು ಅವರು ಎಲ್ಲರಿಗೂ ಕೇಳುವಂತೆ ಹಾಕಿದ್ದರಿಂದ. ನಾನು ಬಸ್‌ನಲ್ಲಿ, ಕೋಣೆಯಲ್ಲಿ ಕಿವಿಗೆ ಇಯರ್‌ಫೋನ್ ಹಾಕಿಕೊಂಡೇ ಇರುತ್ತೇನೆ. ನನಗೆ ಇಷ್ಟವಾದ ಒಂದು ಹಾಡೂ ಅಮ್ಮಿಗೆ ಗೊತ್ತಿಲ್ಲ. 24ಕ್ಕೆ ನನಗೆ ಇನ್ನು 7 ವರ್ಷವಿದೆ. ಅಷ್ಟರಲ್ಲಿ ತುಂಬಿಕೊಂಡದ್ದು ಜೀವನಪೂರ್ತಿ ಜೊತೆಗಿರುತ್ತದೆ. ಒಬ್ಬನೇ ಕೇಳಿದರೆ ನನ್ನ ಜೊತೆಗೇ ಮುಗಿಯುತ್ತದೆ.

ಗೆಳೆಯರೇ, ಇವತ್ತು ಮನೆಗೆ ಹೋಗಿ ಹಿರಿಯರಿಗೆ ಇಷ್ಟವಾದ ಒಂದು ಹಾಡು ಯಾವುದೆಂದು ಕೇಳಿ, ವರ್ಷ ಕಳೆದು ನೋಡಿ. ಆಮೇಲೆ ನಿಮ್ಮದೊಂದು ಕೇಳಿಸಿ. ಕಳೆದ ಭಾನುವಾರ ನಾನು ಕೇಳಿಸಿದೆ. ಅಬ್ಬಾ ಪೂರ್ತಿ ಕೇಳಿ, “ಪರವಾಗಿಲ್ಲ” ಎಂದರು. ಅವರ ಬಾಯಲ್ಲಿ ಅದು ದೊಡ್ಡ ಹೊಗಳಿಕೆ.