ಟ್ರ್ಯಾಕ್ಟರ್ ಮಾಲಿಕರು ತಿಳಿದಿರಬೇಕಾದ ವಿಷಯಗಳು: ಡೀಲರು, ಗ್ಯಾರೇಜು ಮತ್ತು ಕಾಗದಪತ್ರ

ರೋಹಿಣಿ ಮಳೆ ಬಿದ್ದು ಭೂಮಿಗೆ ಹದ ಬಂದ ಮೇಲೆ ರೈತನ ಕೈಯಲ್ಲಿರುವುದು ಕೆಲವೇ ದಿನಗಳು. ಆ ದಿನಗಳಲ್ಲಿ ಟ್ರ್ಯಾಕ್ಟರ್ ಗ್ಯಾರೇಜಿನಲ್ಲಿ ನಿಂತರೆ ಆಗುವ ನಷ್ಟ ರಿಪೇರಿ ಬಿಲ್ಲಿನಲ್ಲಿ ಕಾಣುವುದಿಲ್ಲ. ಬಿತ್ತನೆ ತಡವಾಗಿ, ಸುಗ್ಗಿಯಲ್ಲಿ ರಾಶಿ ಕಡಿಮೆಯಾದಾಗ ಕಾಣುತ್ತದೆ.

ಎತ್ತಿನ ವಿಷಯದಲ್ಲಿ ನಮ್ಮ ರೈತರನ್ನು ಮೋಸ ಮಾಡುವುದು ಸುಲಭವಲ್ಲ. ಜಾತ್ರೆಯಲ್ಲಿ ಹಲ್ಲು ನೋಡಿ, ಸುಳಿ ನೋಡಿ, ನೊಗ ಕಟ್ಟಿ ನಡೆಸಿ ನೋಡಿದ ಮೇಲೆಯೇ ವ್ಯಾಪಾರ ಕುದುರಿಸುತ್ತಾರೆ. ಆದರೆ ಜಮೀನನ್ನು ಬ್ಯಾಂಕಿಗೆ ಆಧಾರವಿಟ್ಟು ಹಲವು ಲಕ್ಷ ರೂಪಾಯಿಗಳ ಟ್ರ್ಯಾಕ್ಟರ್ ಕೊಳ್ಳುವಾಗ ಅದೇ ರೈತರು ಡೀಲರು ತೋರಿಸಿದ ಕಡೆಯೆಲ್ಲ ಸಹಿ ಹಾಕಿ ಬರುವುದುಂಟು. ಗ್ಯಾರೇಜಿನವರು 'ಇಂಜಿನ್ ಬೋರಿಗೆ ಬಂದಿದೆ' ಎಂದರೆ ಏಕೆ ಎಂದು ಕೇಳುವುದಿಲ್ಲ. ಎತ್ತಿಗೆ ತೋರುವ ಎಚ್ಚರವನ್ನೇ ಯಂತ್ರಕ್ಕೂ ತೋರಿದರೆ ಎಷ್ಟೋ ಖರ್ಚನ್ನು ತಪ್ಪಿಸಬಹುದು. ಅದಕ್ಕೆ ಬೇಕಾದ ಮುಖ್ಯ ವಿಷಯಗಳನ್ನು ಇಲ್ಲಿ ವಿವರಿಸಲಾಗಿದೆ.

ಹೊಸ ಟ್ರ್ಯಾಕ್ಟರ್ ಕೊಳ್ಳುವಾಗ

ಡೀಲರು ಹೇಳುವ ಅಶ್ವಶಕ್ತಿಯೊಂದನ್ನೇ ನಂಬಿ ಮಾದರಿಯನ್ನು ಆರಿಸಬಾರದು. ರೋಟವೇಟರ್, ಒಕ್ಕಣೆ ಯಂತ್ರ ಮುಂತಾದವನ್ನು ನಡೆಸುವುದು ಪಿ.ಟಿ.ಒ. ದಂಡಕ್ಕೆ ಬರುವ ಶಕ್ತಿ. ಅದು ಇಂಜಿನ್ನಿನ ಶಕ್ತಿಗಿಂತ ಕಡಿಮೆ ಇರುತ್ತದೆ. ಮಧ್ಯ ಪ್ರದೇಶದ ಬುದ್ನಿಯಲ್ಲಿರುವ ಕೇಂದ್ರ ಸರ್ಕಾರದ ಕೃಷಿ ಯಂತ್ರ ತರಬೇತಿ ಮತ್ತು ಪರೀಕ್ಷಾ ಸಂಸ್ಥೆಯು ಟ್ರ್ಯಾಕ್ಟರುಗಳನ್ನು ಪರೀಕ್ಷಿಸಿ ವರದಿ ಕೊಡುತ್ತದೆ. ಪಿ.ಟಿ.ಒ. ಶಕ್ತಿ, ಡೀಸೆಲ್ ಖರ್ಚು, ಹೈಡ್ರಾಲಿಕ್ ಎತ್ತುವ ಭಾರ ಇವೆಲ್ಲ ಆ ವರದಿಯಲ್ಲಿರುತ್ತವೆ. ನೀವು ಮೆಚ್ಚಿದ ಮಾದರಿಯ ವರದಿಯನ್ನು ತೋರಿಸುವಂತೆ ಡೀಲರನ್ನು ಕೇಳಬೇಕು.

ಬೆಲೆಯ ಪಟ್ಟಿಯನ್ನು ಬಿಡಿಬಿಡಿಯಾಗಿ ಬರೆಸಿಕೊಳ್ಳಬೇಕು: ಟ್ರ್ಯಾಕ್ಟರಿನ ಬೆಲೆ, ತೆರಿಗೆ, ವಿಮೆ, ನೋಂದಣಿ, ಉಪಕರಣಗಳು, ಹೀಗೆ. 2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರಿನ ಮೇಲಿನ ಜಿ.ಎಸ್.ಟಿ. ಶೇಕಡ 12ರಿಂದ 5ಕ್ಕೆ ಇಳಿಯಿತು. ಬಿಲ್ಲಿನಲ್ಲಿ ಯಾವ ದರ ಹಾಕಿದ್ದಾರೆಂದು ನೋಡಬೇಕು. ವಿಮೆಯನ್ನು ಡೀಲರು ಹೇಳಿದ ಕಂಪೆನಿಯಲ್ಲೇ ಮಾಡಿಸಬೇಕೆಂಬ ಕಟ್ಟಳೆಯಿಲ್ಲ. ಎರಡು ಮೂರು ಕಡೆ ವಿಚಾರಿಸಿ ಮಾಡಿಸಬಹುದು.

ಟ್ರ್ಯಾಕ್ಟರನ್ನು ಮನೆಗೆ ತರುವ ದಿನ ಕೆಳಗಿನವು ಕೈಸೇರಿವೆಯೇ ಎಂದು ಒಂದೊಂದಾಗಿ ನೋಡಿಕೊಳ್ಳಿರಿ:

1. ಮಾರಾಟದ ಬಿಲ್ಲು ಮತ್ತು ಮಾರಾಟ ಪತ್ರ (ನಮೂನೆ 21).
2. ವಾಹನವು ರಸ್ತೆಗೆ ಯೋಗ್ಯವೆಂಬ ತಯಾರಕರ ಪತ್ರ (ನಮೂನೆ 22).
3. ವಿಮೆಯ ಪತ್ರ.
4. ವಾರಂಟಿ ಕಾರ್ಡು ಮತ್ತು ಉಚಿತ ಸರ್ವೀಸಿನ ಕೂಪನ್ನುಗಳು.
5. ಕೈಪಿಡಿ ಮತ್ತು ಸಲಕರಣೆಗಳ ಪೆಟ್ಟಿಗೆ.

ಬಿಲ್ಲಿನಲ್ಲಿರುವ ಇಂಜಿನ್ ನಂಬರು ಮತ್ತು ಚಾಸಿ ನಂಬರುಗಳನ್ನು ಟ್ರ್ಯಾಕ್ಟರಿನ ಮೇಲೆ ಕೆತ್ತಿರುವ ನಂಬರುಗಳೊಡನೆ ಹೋಲಿಸಿ ನೋಡತಕ್ಕದ್ದು. ಒಂದು ಅಂಕಿ ತಪ್ಪಿದ್ದರೂ ಮುಂದೆ ವಿಮೆ ಹಣ ಬರುವಾಗ ಅಥವಾ ಮಾರುವಾಗ ತೊಂದರೆಯಾಗುತ್ತದೆ. ವಾರಂಟಿಯಲ್ಲಿ ಟಯರು, ಬ್ಯಾಟರಿಗಳಿಗೆ ಸಾಮಾನ್ಯವಾಗಿ ಅವುಗಳ ತಯಾರಕರೇ ಬೇರೆಯಾಗಿ ಹೊಣೆ ಹೊರುತ್ತಾರೆ. ಯಾವುದಕ್ಕೆ ಎಷ್ಟು ಕಾಲ ಎಂಬುದನ್ನು ಓದಿಸಿ ತಿಳಿದುಕೊಳ್ಳಬೇಕು.

ಗಂಟೆಯ ಲೆಕ್ಕ

ಕಾರಿನ ಸರ್ವೀಸಿಗೆ ಕಿಲೋಮೀಟರ್ ಲೆಕ್ಕವಾದರೆ ಟ್ರ್ಯಾಕ್ಟರಿಗೆ ಗಂಟೆಯ ಲೆಕ್ಕ. ಹೊಸ ಟ್ರ್ಯಾಕ್ಟರಿಗೆ ಸಾಮಾನ್ಯವಾಗಿ ಸುಮಾರು 50 ಗಂಟೆ ದುಡಿದ ಮೇಲೆ ಮೊದಲ ಸರ್ವೀಸು. ಹೊಸ ಭಾಗಗಳು ಒಂದಕ್ಕೊಂದು ಹೊಂದಿಕೊಳ್ಳುವಾಗ ಉದುರುವ ಲೋಹದ ಪುಡಿ ಎಣ್ಣೆಗೆ ಸೇರುವುದರಿಂದ ಈ ಸರ್ವೀಸನ್ನು ಎಂದೂ ತಪ್ಪಿಸಬಾರದು. ಆನಂತರ ಇಂಜಿನ್ ಎಣ್ಣೆಯನ್ನು ಹಲವು ಮಾದರಿಗಳಲ್ಲಿ 250 ಗಂಟೆಗೊಮ್ಮೆ ಬದಲಾಯಿಸಬೇಕಾಗುತ್ತದೆ. ನಿಮ್ಮ ಮಾದರಿಗೆ ಕೈಪಿಡಿಯಲ್ಲಿ ಹೇಳಿರುವುದೇ ಪ್ರಮಾಣ. ಎಣ್ಣೆಯ ಬಣ್ಣ ನೋಡಿ ತೀರ್ಮಾನಿಸುವುದು ಸರಿಯಲ್ಲ. ಡೀಸೆಲ್ ಇಂಜಿನ್ನಿಗೆ ಹೊಸ ಎಣ್ಣೆ ಹಾಕಿದರೂ ಬೇಗನೆ ಕಪ್ಪಾಗುತ್ತದೆ.

ಒಂದು ನೋಟ್ ಪುಸ್ತಕವಿಟ್ಟು ತಾರೀಖು, ಗಂಟೆ ಮೀಟರಿನ ಅಂಕಿ, ಹಾಕಿದ ಡೀಸೆಲ್ಲು, ಬದಲಾಯಿಸಿದ ಎಣ್ಣೆ ಹಾಗೂ ಫಿಲ್ಟರು, ಕೊಟ್ಟ ಹಣ ಇವನ್ನು ಬರೆಯಿರಿ. ಗಂಟೆಗೆ ಖರ್ಚಾಗುವ ಡೀಸೆಲ್ಲು ಅದೇ ಕೆಲಸಕ್ಕೆ ಏರುತ್ತಾ ಹೋದರೆ ಇಂಜಿನ್ನಿನಲ್ಲಿ ಏನೋ ದೋಷವಿದೆ ಎಂದು ಪುಸ್ತಕವೇ ಹೇಳುತ್ತದೆ. ವಾರಂಟಿಯ ವ್ಯಾಜ್ಯ ಬಂದಾಗ 'ನೀವು ಸರಿಯಾಗಿ ನೋಡಿಕೊಂಡಿಲ್ಲ' ಎಂಬ ಮಾತಿಗೆ ಉತ್ತರವೂ ಅದೇ.

ಗ್ಯಾರೇಜಿಗೆ ಹೋಗುವ ಮುನ್ನ

ದೋಷಕ್ಕೆ ಅಗ್ಗದ ಕಾರಣವನ್ನು ಮೊದಲು ಹುಡುಕಬೇಕು, ದುಬಾರಿ ಕಾರಣವನ್ನು ಕೊನೆಗೆ. ಇದೇ ಮುಖ್ಯ ಸೂತ್ರ.

ಹೊಗೆ ಕಪ್ಪಾಗಿದ್ದು ಎಳೆತ ಕಡಿಮೆಯಾಗಿದ್ದರೆ ಡೀಸೆಲ್ ಪೂರ್ತಿ ಉರಿಯುತ್ತಿಲ್ಲವೆಂದು ಅರ್ಥ. ಏರ್ ಕ್ಲೀನರ್ ಧೂಳಿನಿಂದ ಕಟ್ಟಿಕೊಂಡಿದ್ದರೂ, ಹೊರೆ ಹೆಚ್ಚಾಗಿದ್ದರೂ ಹೀಗಾಗುತ್ತದೆ. ಇವೆರಡನ್ನೂ ನೋಡದೆ ಡೀಸೆಲ್ ಪಂಪನ್ನು ಬಿಚ್ಚಲು ಒಪ್ಪಬಾರದು. ಇವು ಸರಿಯಿದ್ದರೆ ಮುಂದೆ ನಾಜಲ್ಲುಗಳ ಪರೀಕ್ಷೆ, ಪಂಪು ಆಮೇಲೆ.

ಹೊಗೆ ನೀಲಿಯಾಗಿದ್ದರೆ ಇಂಜಿನ್ ಎಣ್ಣೆ ಉರಿಯುತ್ತಿದೆ. ಎಣ್ಣೆಯ ಮಟ್ಟ ಗುರುತಿಗಿಂತ ಮೇಲಿದೆಯೇ ಎಂದು ಮೊದಲು ನೋಡಿ. ಇಲ್ಲದಿದ್ದರೆ ರಿಂಗು ಅಥವಾ ಬೋರು ಸವೆದಿರುವ ಸಂಭವವಿದೆ. ಬೆಳಗಿನ ಚಳಿಯಲ್ಲಿ ಸ್ವಲ್ಪ ಬಿಳಿ ಹೊಗೆ ಬರುವುದು ಸಹಜ. ಇಂಜಿನ್ ಬಿಸಿಯಾದ ಮೇಲೂ ಅದು ನಿಲ್ಲದೆ, ರೇಡಿಯೇಟರ್ ನೀರು ಇಳಿಯುತ್ತಿದ್ದರೆ ನೀರು ಒಳಗೆ ಸೇರುತ್ತಿದೆಯೆಂದು ತಿಳಿಯಬೇಕು.

ಇಂಜಿನ್ ಅತಿಯಾಗಿ ಕಾದರೆ ರೇಡಿಯೇಟರಿನ ಜಾಲರಿಯಲ್ಲಿ ಹೊಟ್ಟು, ಧೂಳು ಕಟ್ಟಿದೆಯೇ, ಫ್ಯಾನ್ ಬೆಲ್ಟು ಸಡಿಲವಾಗಿದೆಯೇ ಎಂದು ನೋಡಿರಿ. ಬಿಸಿಯಿರುವಾಗ ರೇಡಿಯೇಟರ್ ಮುಚ್ಚಳ ತೆಗೆಯಬೇಡಿ. ಕೆಲವು ಮೆಕ್ಯಾನಿಕ್ಕುಗಳು ಥರ್ಮೋಸ್ಟಾಟನ್ನೇ ಕಿತ್ತು ಎಸೆಯುತ್ತಾರೆ. ಇದರಿಂದ ಇಂಜಿನ್ ಬೇಕಾದಷ್ಟು ಬಿಸಿಯಾಗದೆ ಡೀಸೆಲ್ ಹೆಚ್ಚು ಕುಡಿಯುತ್ತದೆ, ಬೇಗ ಸವೆಯುತ್ತದೆ. ಹಾಗೆ ಮಾಡಲು ಬಿಡಬಾರದು.

ತುಂಗಭದ್ರಾ ಅಚ್ಚುಕಟ್ಟಿನಂಥ ಭತ್ತದ ಪ್ರದೇಶಗಳಲ್ಲಿ ಕೆಸರು ಗದ್ದೆಗೆ ಇಳಿಯುವ ಟ್ರ್ಯಾಕ್ಟರುಗಳಲ್ಲಿ ಸೀಲುಗಳು ಸವೆದು ನೀರು ಒಳಸೇರುವುದುಂಟು. ಗೇರ್ ಎಣ್ಣೆ ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಬೆರೆತಿದೆ. ನಾಟಿ ಮುಗಿದ ಕೂಡಲೇ ಇದನ್ನು ಪರೀಕ್ಷಿಸಿ ಎಣ್ಣೆ ಹಾಗೂ ಸೀಲು ಬದಲಾಯಿಸಿದರೆ ಬೇರಿಂಗುಗಳೂ ಹಲ್ಲುಚಕ್ರಗಳೂ ಉಳಿಯುತ್ತವೆ.

ಗ್ಯಾರೇಜಿನಲ್ಲಿ

'ಏನಾಗಿದೆಯೋ ನೋಡಿ ಸರಿಮಾಡಪ್ಪಾ' ಎಂದು ಹೇಳಿ ಊರಿಗೆ ಮರಳಿದರೆ ಬಿಲ್ಲು ಎಲ್ಲಿಗೆ ನಿಲ್ಲುತ್ತದೆಂದು ಹೇಳಲಾಗದು. ಏನು ಮಾಡಿಸಬೇಕೆಂದು ಹೇಳುವುದಕ್ಕಿಂತ ಏನು ತೊಂದರೆ ಕಾಣುತ್ತಿದೆ ಎಂಬುದನ್ನು ವಿವರವಾಗಿ ಹೇಳಿರಿ: ಯಾವ ಕೆಲಸದಲ್ಲಿ, ಯಾವ ಗೇರಿನಲ್ಲಿ, ತಣ್ಣಗಿದ್ದಾಗಲೋ ಕಾದ ಮೇಲೋ. ಟ್ರ್ಯಾಕ್ಟರ್ ಓಡಿಸುವವನು ನಿಮ್ಮ ಮಗನೋ ಚಾಲಕನೋ ಆಗಿದ್ದರೆ ಅವನನ್ನೂ ಕರೆದೊಯ್ಯಿರಿ.

ಕೆಳಗಿನ ಐದು ಅಂಶಗಳನ್ನು ರೂಢಿಸಿಕೊಳ್ಳಬೇಕು:

1. ಹೇಳಿದ ದೋಷ, ಗಂಟೆ ಮೀಟರಿನ ಅಂಕಿ, ಟ್ರ್ಯಾಕ್ಟರ್ ಬಿಟ್ಟ ತಾರೀಖು ಇವನ್ನು ಜಾಬ್ ಕಾರ್ಡಿನಲ್ಲಿ ಬರೆಸಿ ಪ್ರತಿ ಪಡೆಯಿರಿ.
2. ಖರ್ಚಿನ ಅಂದಾಜನ್ನು ಬರವಣಿಗೆಯಲ್ಲಿ ಕೇಳಿರಿ. ಬಿಚ್ಚಿದ ಮೇಲೆ ಬೇರೆ ದೋಷ ಕಂಡರೆ ನಿಮಗೆ ತಿಳಿಸಿಯೇ ಮುಂದುವರಿಯಬೇಕೆಂದು ಹೇಳಿರಿ.
3. ಬದಲಾಯಿಸಿದ ಹಳೆಯ ಭಾಗಗಳನ್ನು ಕೇಳಿ ಪಡೆಯಿರಿ. ವಾರಂಟಿಯಲ್ಲಿ ಬದಲಾಯಿಸಿದ್ದನ್ನು ಕಂಪೆನಿ ವಾಪಸು ಪಡೆಯಬಹುದು. ಆಗಲೂ ಕಣ್ಣಿನಿಂದ ನೋಡಿರಿ.
4. ಬಿಲ್ಲಿನಲ್ಲಿ ಬಿಡಿಭಾಗ ಬೇರೆ, ಕೂಲಿ ಬೇರೆ ಇರಲಿ. ಬಿಲ್ಲಿಲ್ಲದೆ ಸ್ವಲ್ಪ ಕಡಿಮೆಗೆ ಸಿಗುವ ಫಿಲ್ಟರು ನಕಲಿಯಾದರೆ ಇಂಜಿನ್ನಿಗೇ ಕುತ್ತು, ಕೇಳಲು ದಾಖಲೆಯೂ ಇರುವುದಿಲ್ಲ.
5. ಹಣ ಕೊಡುವ ಮೊದಲು ಹೊರೆ ಕಟ್ಟಿ ಓಡಿಸಿ ನೋಡಿರಿ. ನಿಂತಲ್ಲೇ ಚೆನ್ನಾಗಿ ಓಡುವ ಇಂಜಿನ್ ನೇಗಿಲು ಇಳಿಸಿದಾಗ ಸೋಲಬಹುದು.

ಒಳ್ಳೆಯ ಮೆಕ್ಯಾನಿಕ್ಕಿಗೆ ಇಂಥ ಪ್ರಶ್ನೆಗಳಿಂದ ಬೇಸರವಾಗುವುದಿಲ್ಲ. ಅಂಥವರು ಸಿಕ್ಕರೆ ಹತ್ತು ರೂಪಾಯಿ ಹೆಚ್ಚಾದರೂ ಅವರನ್ನೇ ನೆಚ್ಚುವುದು ಲೇಸು. ದೊಡ್ಡ ರಿಪೇರಿಗಳನ್ನು ಬೇಸಿಗೆಯಲ್ಲೇ ಮುಗಿಸಬೇಕು. ಮಳೆ ಬಿದ್ದ ಮೇಲೆ ಎಲ್ಲರ ಟ್ರ್ಯಾಕ್ಟರುಗಳೂ ಒಂದೇ ಸಾಲಿನಲ್ಲಿ ನಿಲ್ಲುತ್ತವೆ.

ಹಳೆಯ ಟ್ರ್ಯಾಕ್ಟರ್ ಕೊಳ್ಳುವಾಗ

ಮೊದಲೇ ತಿಳಿಸದೆ ಬೆಳಿಗ್ಗೆ ಹೋಗಿ, ತಣ್ಣಗಿರುವ ಇಂಜಿನ್ನನ್ನು ನಿಮ್ಮ ಎದುರಿಗೇ ಚಾಲೂ ಮಾಡಿಸಿರಿ. ಬಾನೆಟ್ ಮುಟ್ಟಿದಾಗ ಬೆಚ್ಚಗಿದ್ದರೆ ಮಾರುವವರು ಮೊದಲೇ ಓಡಿಸಿಟ್ಟಿದ್ದಾರೆ ಎಂದರ್ಥ. ಹೊಗೆಯ ಬಣ್ಣ ನೋಡಿ, ಬ್ರೀದರ್ ಕೊಳವೆಯಿಂದ ಹೊಗೆ ಒತ್ತಡದಿಂದ ನುಗ್ಗುತ್ತಿದೆಯೇ ಗಮನಿಸಿರಿ. ಹಾಗೆ ನುಗ್ಗುತ್ತಿದ್ದರೆ ರಿಂಗು ಸವೆದಿರುತ್ತವೆ. ಭಾರವಾದ ಉಪಕರಣವನ್ನು ಹೈಡ್ರಾಲಿಕ್ಕಿನಿಂದ ಎತ್ತಿ ಕೆಲವು ನಿಮಿಷ ಹಾಗೇ ಬಿಟ್ಟು, ತಾನಾಗಿ ಬೇಗನೆ ಇಳಿಯುತ್ತದೆಯೇ ನೋಡಿರಿ. ಗಂಟೆ ಮೀಟರಿನ ಅಂಕಿ ಕಡಿಮೆಯಿದ್ದು ಪೆಡಲುಗಳು ನುಣ್ಣಗೆ ಸವೆದಿದ್ದರೆ ಅಂಕಿಯನ್ನು ನಂಬಬೇಡಿ. ಹೊಸ ಬಣ್ಣಕ್ಕೆ ಮರುಳಾಗಬೇಡಿ.

ನೋಂದಣಿ ಪುಸ್ತಕದಲ್ಲಿ ಬ್ಯಾಂಕಿನ ಅಥವಾ ಫೈನಾನ್ಸ್ ಕಂಪೆನಿಯ ಸಾಲದ ನಮೂದು ಇದ್ದರೆ, ಸಾಲ ತೀರಿದ ಪತ್ರ ಹಾಗೂ ನಮೂನೆ 35 ಕೈಗೆ ಬರುವವರೆಗೆ ಪೂರ್ತಿ ಹಣ ಕೊಡಬಾರದು. ಟ್ರೈಲರಿನ ನೋಂದಣಿಯನ್ನೂ ವಿಮೆಯನ್ನೂ ಬೇರೆಯಾಗಿ ಕೇಳಿ ನೋಡಬೇಕು. ಹೊಸದೇ ಇರಲಿ, ಹಳೆಯದೇ ಇರಲಿ, ನಿಮ್ಮ ಸ್ವಂತ ಸಾಲ ತೀರಿದ ಮೇಲೆ ಪಹಣಿಯಲ್ಲಿರುವ ಬ್ಯಾಂಕಿನ ಬೋಜಾ ತೆಗೆಸುವುದನ್ನು ಮರೆಯಬಾರದು.

ಮಾರಿದ ಮೇಲೂ ಹೊಣೆ

ಹಣ ಎಣಿಸಿಕೊಂಡು, ಛಾಪಾ ಕಾಗದದಲ್ಲಿ ಬರೆದುಕೊಟ್ಟು ಟ್ರ್ಯಾಕ್ಟರ್ ಕಳಿಸಿದರೆ ಕೆಲಸ ಮುಗಿಯಿತೆಂದು ಬಹಳ ಮಂದಿ ಭಾವಿಸುತ್ತಾರೆ. ಇದು ಅಪಾಯಕರ. ನೋಂದಣಿ ಯಾರ ಹೆಸರಿನಲ್ಲಿದೆಯೋ ಅವರೇ ಕಾನೂನಿನ ದೃಷ್ಟಿಯಲ್ಲಿ ಮಾಲಿಕರು. ಕೈಯಿಂದ ಕೈಗೆ ಹಲವು ಬಾರಿ ಮಾರಾಟವಾದರೂ ಹೆಸರು ಬದಲಾಗದಿದ್ದ ಒಂದು ಕಾರಿನ ಅಪಘಾತದ ಮೊಕದ್ದಮೆಯಲ್ಲಿ, ಪರಿಹಾರದ ಹೊಣೆ ನೋಂದಾಯಿತ ಮಾಲಿಕರದೇ ಎಂದು ಸುಪ್ರೀಂ ಕೋರ್ಟು 2018ರಲ್ಲಿ ತೀರ್ಪು ಕೊಟ್ಟಿದೆ. ನೀವು ಮಾರಿದ ಟ್ರ್ಯಾಕ್ಟರ್ ವಿಮೆಯಿಲ್ಲದೆ ಯಾರಿಗಾದರೂ ಹಾಯ್ದರೆ ನ್ಯಾಯಾಲಯದ ನೋಟೀಸು ನಿಮ್ಮ ಮನೆಗೇ ಬರುತ್ತದೆ.

1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ, ಅದೇ ರಾಜ್ಯದಲ್ಲಿ ನೋಂದಣಿಯಾದ ವಾಹನವಾದರೆ ಮಾರಿದವರು 14 ದಿನಗಳೊಳಗೆ, ಕೊಂಡವರು 30 ದಿನಗಳೊಳಗೆ ಸಾರಿಗೆ ಕಚೇರಿಗೆ ತಿಳಿಸಬೇಕು. ಇದಕ್ಕೆ ನಮೂನೆ 29 ಮತ್ತು 30. ಕೊಂಡವರ ಹೆಸರಿಗೆ ವಿಮೆಯೂ ಬದಲಾಗಬೇಕು. ಬಂಧುಗಳಿಗೇ ಮಾರಿದರೂ ಸಂಕೋಚಪಡಬೇಡಿ. ನಂಟಸ್ತನ ಬೇರೆ, ಕಾಗದ ಬೇರೆ.

ನ್ಯಾಯ ಸಿಗದಿದ್ದರೆ

ಮೊದಲು ಡೀಲರಿಗೆ, ಆಮೇಲೆ ಕಂಪೆನಿಗೆ ಬರಹದಲ್ಲಿ ದೂರು ಕೊಟ್ಟು ಪ್ರತಿ ಇಟ್ಟುಕೊಳ್ಳಿರಿ. ಫಲ ದೊರೆಯದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು. ಅದೂ ಆಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗವಿದೆ. 2019ರ ಗ್ರಾಹಕರ ರಕ್ಷಣಾ ಕಾಯ್ದೆಯಂತೆ ಡೀಲರ ಊರಿಗೇ ಹೋಗಬೇಕಿಲ್ಲ, ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಸಲ್ಲಿಸಬಹುದು. ಸ್ವಂತ ದುಡಿಮೆಯ ಜೀವನೋಪಾಯಕ್ಕಾಗಿ ಕೊಂಡವರನ್ನು ಕಾಯ್ದೆಯು ಗ್ರಾಹಕರೆಂದೇ ಪರಿಗಣಿಸುತ್ತದೆ. ದೂರಿಗೆ ಕಾರಣವಾದ ದಿನದಿಂದ ಎರಡು ವರ್ಷಗಳೊಳಗೆ ಸಲ್ಲಿಸಬೇಕು. ಕೊಟ್ಟ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ರಿಪೇರಿಯ ದೂರುಗಳು ಹೆಚ್ಚಾಗಿ ಈ ಮಿತಿಯೊಳಗೇ ಬರುತ್ತವೆ. ಆದರೆ ಆಯೋಗ ಕೇಳುವುದು ದಾಖಲೆಯನ್ನು. ಬಿಲ್ಲು, ಜಾಬ್ ಕಾರ್ಡು, ನಿಮ್ಮ ಲೆಕ್ಕದ ಪುಸ್ತಕ ಇವೇ ಅಲ್ಲಿ ಮಾತನಾಡುತ್ತವೆ.

ಟ್ರ್ಯಾಕ್ಟರಿನ ನಿರ್ವಹಣೆಯನ್ನು ಕೈಯಾರೆ ಕಲಿಯಬಯಸುವವರಿಗೆ ಆಂಧ್ರ ಪ್ರದೇಶದ ಅನಂತಪುರ ಜಿಲ್ಲೆಯ ಗಾರ್ಲದಿನ್ನೆಯಲ್ಲಿರುವ ದಕ್ಷಿಣ ವಲಯದ ಕೃಷಿ ಯಂತ್ರ ತರಬೇತಿ ಸಂಸ್ಥೆಯಲ್ಲಿ ತರಬೇತಿಗಳು ನಡೆಯುತ್ತವೆ. ಬಳ್ಳಾರಿ ಕಡೆಯವರಿಗೆ ಅದು ದೂರವಲ್ಲ. ಮನೆಯ ಒಬ್ಬ ಯುವಕನೋ ಯುವತಿಯೋ ಕಲಿತು ಬಂದರೆ ಇಡೀ ಓಣಿಗೆ ಉಪಯೋಗ.

ಎತ್ತು ನೋವಾದರೆ ಮೇವು ಬಿಟ್ಟು ತಿಳಿಸುತ್ತದೆ. ಟ್ರ್ಯಾಕ್ಟರು ಹೊಗೆಯಿಂದ, ಸದ್ದಿನಿಂದ, ಏರುವ ಡೀಸೆಲ್ ಲೆಕ್ಕದಿಂದ ತಿಳಿಸುತ್ತದೆ. ಅದನ್ನು ಮೊದಲು ಗುರುತಿಸಬೇಕಾದವರು ಮಾಲಿಕರೇ ಹೊರತು ಗ್ಯಾರೇಜಿನವರಲ್ಲ. ಈ ಬೇಸಿಗೆಯಲ್ಲೇ ಒಂದು ನೋಟ್ ಪುಸ್ತಕ ತಂದು, ಮೊದಲ ಪುಟದಲ್ಲಿ ಇಂದಿನ ಗಂಟೆ ಮೀಟರಿನ ಅಂಕಿಯನ್ನು ಬರೆದಿಡಿ.